ಕದದ ಮೇಲೆ ಕೂತು

ಈ ಕಡಲ ಕರೆಯಲ್ಲಿ ನನಗೆ ಮನೆಯಿಲ್ಲ,
ಮನೆಗಳಿವೆ.
ಕತ್ತರಿ, ಮೇಣದುಂಡೆ, ಇಸ್ತ್ರಿಯ ಕಬ್ಬಿಣ
ಚೀಲಕ್ಕೆ ಹಾಕಿಕೊಂಡು ಹೊರಟೆನೆಂದರೆ
ಹುಲ್ಲುಸೂರಿನ ನೆತ್ತಿಯ ಹೊಗೆ ನೋಡಿಯೇ ಹೇಳಬಲ್ಲೆ:
ಜೌಗಿನಿಂದ ಕೊಯ್ದ ಹೆಂಟೆ ಯಾರದಿನ್ನೂ ಹಸಿ,
ಯಾರ ಮನೆಯಲ್ಲಿ ಹಸು ಕರುಹಾಕಿದೆ,
ಯಾರಲ್ಲಿ ಇವತ್ತೂ ಬರೀ ಆಲೂಗಡ್ಡೆ, ಉಪ್ಪು.

ಮಾನಸ್‌ನ ಮನೆಯಲ್ಲಿ ಮೇಜಿಲ್ಲ.
ದರ್ಜಿ ಬಂದ ಅಂದರೆ ಅವನು ಕದವನ್ನೇ ಕೀಲಿನಿಂದೆತ್ತಿ
ಎರಡು ಪೀಪಾಯಿಗಳ ಮೇಲೆ ಮಲಗಿಸುತ್ತಾನೆ.
ಕೋಳಿಗಳನ್ನು ತಡೆಯಲು ಹೊರಗೆ ಅರೆಗದವಿದೆ,
ಮಿಕ್ಕ ಅರ್ಧದಲ್ಲಿ ಬೆಳಕು ಬರಲಿ, ಗಾಳಿಯೂ ಬರಲಿ,
ತಡೆದರೆ ತಾನೇ ನಿಲ್ಲುವುದು?

ಚಕ್ಕಳಮಕ್ಕಳ ಹಾಕಿ ಕೂತರೆ ತೊಡೆಗೆ ತಾಗುತ್ತವೆ
ಸುಗ್ಗಿ ಮುಗಿದ ರಾತ್ರಿ ಇದರ ಮೇಲೆ ಕುಣಿದವರ
ಹಿಮ್ಮಡಿ ಒತ್ತಿದ ತಗ್ಗುಗಳು.
ಆಮೇಲೆ, ಒಂದು ಕೊನೆಗೆ, ಮೇಣದ ಮೂರು ಹನಿ.
ಅಲ್ಲಿ ನಾನು ಬಟ್ಟೆ ಹಾಸುವುದಿಲ್ಲ.
ಅವು ಬಿದ್ದ ರಾತ್ರಿ
ಈ ಕದದ ಅರ್ಧ ಖಾಲಿಯೇ ಉಳಿದಿತ್ತು,
ಮಲಗಿದ್ದವನು ಅಷ್ಟು ಚಿಕ್ಕವನು.

ಅದಕ್ಕೇ ಎರಡನೆಯವನು, ಫೀಲಿಮ್,
ಹತ್ತು ತುಂಬಿದರೂ ಕೆಂಪು ಫ್ಲಾನೆಲಿನ ಲಂಗದಲ್ಲೇ ಇದ್ದ.
ದಿಬ್ಬದೊಳಗೆ ಅವರಿದ್ದಾರಲ್ಲ
(ಒಳ್ಳೆಯವರು ಅಂತಲೇ ಅನ್ನಬೇಕು, ಕೇಳಿಸಿಕೊಂಡಾರು)
ಅವರಿಗೆ ಬೇಕಾದ್ದು ಗಂಡುಮಕ್ಕಳಂತೆ.
ಲಂಗ ಕಂಡರೆ ಹುಡುಗಿಯೆಂದು ಮುಂದೆ ಹೋಗುತ್ತಾರೆ.

'ಇದೊಂದು ವರ್ಷ ಇರಲಿ' ಅಂದಳು ನಾಬ್ಲಾ.
ಹೋದ ವರ್ಷವೂ ಅಂದಿದ್ದಳು.
ಮಾನಸ್ ಚುಟ್ಟದ ಕೊಳವೆ ಕಚ್ಚಿ
ಕೆರೆದ ಮೊಣಕೈ ಕಡೆ ಬೆರಳು ತೋರಿಸಿದ:
ಹುಡುಗರು ನಕ್ಕಿದ್ದರು, ಇವನು ಹೊಡೆದಿದ್ದ,
ಲಂಗ ತೊಡರಿ ಬಿದ್ದಿದ್ದ.
ನನ್ನ ಕೈಲಿ ಕಾಗದದ ಪಟ್ಟಿ.
ಸೊಂಟಕ್ಕೊಂದು ಕಚ್ಚು, ಮೊಣಕಾಲಿಗೊಂದು,
ಹುಡುಗ ಉಸಿರು ಹಿಡಿದು ಕದದ ಮೇಲೆ ನಿಂತಿದ್ದ,
ಬಿಟ್ಟರೆ ಎಲ್ಲಿ ಅಮ್ಮನ ಮನಸ್ಸು ಬದಲಾಗುತ್ತದೋ ಎಂದು.

ರಾತ್ರಿ ಬೆಂಚನ್ನು ಬಿಚ್ಚಿ ಹಾಸಿಗೆ ಮಾಡಿಕೊಟ್ಟರು.
ಕಣ್ಣು ಮುಚ್ಚಿದ್ದೆ, ಅಷ್ಟೆ.
ಬೂದಿ ಮುಚ್ಚಿದ ಕೆಂಡಕ್ಕೆ ಹೆದರುವವರುಂಟು;
ಈ ಮನೆಗೆ ಇರುವ ಆಸ್ತಿ ಅದೊಂದೇ,
ಅವಳ ಅತ್ತೆಯ ಅತ್ತೆ ಹೊತ್ತಿಸಿದ್ದು,
ಒಂದಿರುಳೂ ಆರಿಲ್ಲ ಅಂತಾರೆ.
ನಾಬ್ಲಾ ಮಂಡಿಯೂರಿ ಕೆಂಡಕ್ಕೆ ಬೂದಿ ಹೊದಿಸುತ್ತಿದ್ದಳು
ಎಳೆಗೂಸಿಗೆ ಹೊದಿಸಿದ ಹಾಗೆ, ಅಂಚು ಅಂಚು ಒತ್ತಿ,
ಬ್ರಿಜಿಡ್ ತಾಯಿಯ ಹೆಸರು ಹೇಳುತ್ತ.
ಮುಗಿಸಿ, ಹಿಂದಿರುಗದೆಯೇ, ಅಂದಳು:
'ದರ್ಜಿ, ಎದ್ದಿದ್ದೀಯ ಗೊತ್ತು.
ಜೇಬು ಒಳಗಿನದಲ್ಲವೇ?
ಯಾರಿಗೂ ಕಾಣುವುದಿಲ್ಲ.'
ತಲೆದಿಂಬಿನ ಹತ್ತಿರ ಏನೋ ಇಟ್ಟು ಹೋದಳು.

ಅಂಗೈಯಗಲ ಕೆಂಪು ಫ್ಲಾನೆಲ್.

ಮರುದಿನ ಫೀಲಿಮ್ ಚಣ್ಣ ತೊಟ್ಟು
ಅರೆಗದ ಹಾರಿಯೇ ಹೊರಗೆ ಹೋದ,
ತೆಗೆದುಕೊಂಡು ಹೋಗಬಹುದಿತ್ತು.
ಕೋಳಿಗಳು ಚೆದುರಿದವು.
ನಾಬ್ಲಾ ಹಿಟ್ಟು ನಾದುತ್ತ ತಲೆಯೆತ್ತಲಿಲ್ಲ;
ನನ್ನ ಬಟ್ಟಲಿಗೆ ಮಾತ್ರ ಮಜ್ಜಿಗೆ ಜೊತೆ
ಯಾರೂ ಕೇಳದ ಒಂದು ಮೊಟ್ಟೆ ಬಂತು.

ಆದದ್ದು ಇಷ್ಟು.
ಆಮೇಲೆ ಅವನು ಬೆಳೆದ, ನಾಡದೋಣಿಗೆ ಹುಟ್ಟು ಹಾಕಿದ,
ಅಪ್ಪನಿಗಿಂತ ಒಂದು ಗೇಣು ಎತ್ತರವಾದ.
ಈ ಚಳಿಗಾಲ ಮದುವೆಯ ಉಡುಪಿಗೆ ಕರೆಸಿದ್ದರು.
ಕದ ತಾನೇ ಎತ್ತಿ ಇಟ್ಟ; ಕಾಗದದ ಪಟ್ಟಿ ಸಾಲಲಿಲ್ಲ,
ಇನ್ನೊಂದು ತುಂಡು ಅಂಟಿಸಬೇಕಾಯಿತು.
ನಾಬ್ಲಾ ಹೊರಗೆ ಹಾಲು ಕರೆಯುತ್ತಿದ್ದಳು.
ಅವನು ಒಲೆಯ ಕಡೆ ನೋಡುತ್ತ,
ಕಿವಿ ಕೆಂಪಾಗಿ,
'ಜೇಬಿಗೆ', ಅಂದ, 'ಮೊದಲು ಹಾಕುತ್ತಿದ್ದಿರಲ್ಲ,
ಅದನ್ನೇ.'